‘ತಪ್ಪಾಯ್ತು ಸಾರ್’ ಎಂದರೆ ಅಪರಾಧ ಒಪ್ಪಿದಂತಾಯಿತೇ?

ಪ್ರಶ್ನೆ: ನನ್ನ ತಂಗಿಯ ಮಗನಿಗೆ 16 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು ನಾವು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಈಗ ಪ್ಲಸ್ ವನ್‌ನಲ್ಲಿ (ಹನ್ನೊಂದನೆಯ ತರಗತಿ) ಇದ್ದಾನೆ. ನೆರೆಮನೆಯ ಒಂದು ಗೋಣಿ ಅಡಿಕೆ ಕಳವಾದದ್ದರಲ್ಲಿ ಇಬ್ಬರು ಗೆಳೆಯರ ಜೊತೆ ಇವನ ಹೆಸರೂ ಬಂದಿದೆ. ‘ಸ್ಕೂಟರಿನ ಹಿಂದೆ ಕೂತು ಗೋಣಿ ಹಿಡಿದುಕೊಂಡಿದ್ದೆ, ಅಷ್ಟೇ’ ಎನ್ನುತ್ತಾನೆ. ಮುಂದಿನ ವಾರ ಬಾಲನ್ಯಾಯ ಮಂಡಳಿಯ ಮುಂದೆ ಹೋಗಬೇಕು. ‘ಒಪ್ಪಿಕೊಂಡರೆ ಬುದ್ಧಿ ಹೇಳಿ ಅವತ್ತೇ ಬಿಡುತ್ತಾರೆ’ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಒಪ್ಪಿಸಬಹುದೇ?

ಉತ್ತರ: ವಕೀಲರು ಬೇರೆ ಯಾರೂ ಇಲ್ಲದೆ ಹುಡುಗನ ಜೊತೆ ಕೂತು ಮಾತಾಡುವ ತನಕ ಬೇಡ. ಬುದ್ಧಿವಾದ ಹೇಳಿ ಬಿಡುವ ಅವಕಾಶ 2015ರ ಬಾಲನ್ಯಾಯ ಕಾಯ್ದೆಯ 18ನೇ ಕಲಮಿನಲ್ಲಿ ಇದೆ, ನಿಜ. ಆದರೆ ಅದೇ ಕಲಮಿನಲ್ಲಿ ಸಮುದಾಯ ಸೇವೆ, ಹೆತ್ತವರ ಮೇಲೆ ದಂಡ, ನಿಗಾದಲ್ಲಿ ಬಿಡುವುದು, ಮೂರು ವರ್ಷದವರೆಗೆ ವಿಶೇಷ ಗೃಹ (ಇಂಥ ಮಕ್ಕಳನ್ನು ಇರಿಸುವ ಮನೆ), ಎಲ್ಲವೂ ಇವೆ. ಯಾವುದು ಸಿಗುತ್ತದೆಂದು ಹೊರಗಿನವರು ಮಾತು ಕೊಡಲಾಗದು. ದೊಡ್ಡವರ ಕೋರ್ಟಿನಲ್ಲಿರುವ ‘ಒಪ್ಪಿದರೆ ಇಷ್ಟೇ ಶಿಕ್ಷೆ’ ಎಂಬ ಚೌಕಾಸಿ ಮಕ್ಕಳಿಗೆ ಅನ್ವಯವೇ ಆಗುವುದಿಲ್ಲ.

ಮುಖ್ಯ ತೊಡಕು ಮಾತಿನದು. ನಮ್ಮ ಮಕ್ಕಳಿಗೆ ‘ತಪ್ಪಾಯ್ತು ಸಾರ್’ ಎಂಬುದು ಮೇಷ್ಟರ ಕೋಪ ಇಳಿಸುವ ಮಾತು. ತುಳುವಿನ ‘ತಪ್ಪಾಂಡ್’ ಕೂಡ ಅಂಥದ್ದೇ. ಮಂಡಳಿಯಲ್ಲಿ ಮಲಯಾಳದಲ್ಲಿ ‘ಕುಟ್ಟಂ ಸಮ್ಮದಿಕ್ಕುನ್ನುಂಡೋ’ ಎಂದು ಕೇಳಿದರೆ ‘ಸಮ್ಮತ’ ಎಂಬಷ್ಟು ಮಾತ್ರ ಕಿವಿಗೆ ಬಿದ್ದು ಹುಡುಗ ತಲೆಯಾಡಿಸಿಯಾನು. ಕೇಳಿದ್ದು ಮಾತ್ರ ‘ಆರೋಪದಲ್ಲಿ ಹೇಳಿದ ಅಪರಾಧವನ್ನು ನೀನು ಮಾಡಿದ್ದು ಹೌದೇ’ ಎಂದು. ಪೇಟೆಯಲ್ಲಿ, ಬಸ್ಸಿನಲ್ಲಿ ಸಲೀಸಾಗಿ ಮಲಯಾಳ ಆಡುವ ಹುಡುಗನಿಗೂ ಕಾನೂನಿನ ಮಲಯಾಳ ಬೇರೆಯೇ.

ನಿಮ್ಮ ಹುಡುಗ ಹೇಳುತ್ತಿರುವುದನ್ನೇ ನೋಡಿ. ‘ಗೋಣಿ ಹಿಡಿದಿದ್ದೆ’ ಎಂಬುದು ಒಂದು ಸಂಗತಿ. ಕಳವು ಎನ್ನಬೇಕಾದರೆ ಅಪ್ರಾಮಾಣಿಕ ಉದ್ದೇಶ ಇರಬೇಕು. ಅಡಿಕೆ ಕದ್ದದ್ದೆಂದು ಅವನಿಗೆ ಯಾವಾಗ ಗೊತ್ತಾಯಿತು? ಹತ್ತುವ ಮೊದಲೋ, ಮಾರುವಾಗಲೋ, ಪೊಲೀಸರು ಬಂದ ಮೇಲೋ? ಉತ್ತರ ಬದಲಾದಂತೆ ಪ್ರಕರಣವೂ ಬದಲಾಗುತ್ತದೆ. ಇನ್ನೊಂದು: ಗೋಣಿ ಇದ್ದದ್ದು ಅಂಗಳದಲ್ಲೋ, ಮನೆಯೊಳಗೋ? ಅಂಗಳದಲ್ಲಿ ಒಣಹಾಕಿದ ಅಡಿಕೆಯಾದರೆ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು. ಮೊದಲ ಸಲವಾದರೆ ಗರಿಷ್ಠ ಮೂರು ವರ್ಷದ ಅಪರಾಧ, ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಸಣ್ಣದು. ಮನೆಯಿಂದಲೋ ಮಾಲು ಇಡುವ ಕಟ್ಟಡದಿಂದಲೋ ತೆಗೆದದ್ದಾದರೆ 305ನೇ ಕಲಮು, ಏಳು ವರ್ಷದವರೆಗೆ ಹೋಗುತ್ತದೆ. ಆಗ ಅದು ಸಣ್ಣ ಅಪರಾಧದ ವರ್ಗದಲ್ಲಿ ಬರುವುದಿಲ್ಲ. ಯಾವ ಕಲಮು ಹಾಕಿದ್ದಾರೆಂದು ನೋಡದೆ ‘ಎಲ್ಲ ಒಪ್ಪುತ್ತೇನೆ’ ಎಂದರೆ ಹುಡುಗ ಮಾಡದ್ದನ್ನೂ ಒಪ್ಪಿದಂತಾಗಬಹುದು. ಸಣ್ಣ ಅಪರಾಧಕ್ಕೆ ಇನ್ನೊಂದು ರಕ್ಷಣೆಯಿದೆ: ಮಂಡಳಿಯ ಮುಂದೆ ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳು, ವಿಸ್ತರಿಸಿದರೆ ಇನ್ನೆರಡು, ಅದರೊಳಗೆ ವಿಚಾರಣೆ ಮುಗಿಯದಿದ್ದರೆ ಪ್ರಕರಣವೇ ಕೊನೆಗೊಳ್ಳುತ್ತದೆ. ಅವಸರ ಮಾಡಬೇಕಾದವರು ನೀವಲ್ಲ.

ಈ ಪ್ರಾಯದವರು ಎಡವುವುದು ದಡ್ಡತನದಿಂದಲ್ಲ. ಇವತ್ತು ಮನೆಗೆ ಹೋಗುವುದು ದೊಡ್ಡದಾಗಿ, ಆರು ತಿಂಗಳಾಚೆಯದು ಸಣ್ಣದಾಗಿ ಕಾಣುವ ವಯಸ್ಸು ಅದು. 

‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ‘ಆಯ್ತು’ ಎಂದೇ ಬರುತ್ತದೆ. ಅವನಿಂದಲೇ ಹೇಳಿಸಿ: ಒಪ್ಪಿದರೆ ಮಂಡಳಿಯವರು ಏನೇನು ಮಾಡಬಹುದು? ಒಪ್ಪದಿದ್ದರೆ ಮುಂದೇನು? ನೀನು ವಕೀಲರಿಗೆ ಹೇಳಿದ್ದನ್ನು ಅವರು ಪೊಲೀಸರಿಗೆ ಹೇಳುತ್ತಾರೋ? ಕೊನೆಯದಕ್ಕೆ ‘ಹೌದು’ ಎಂದರೆ ಅವನು ವಕೀಲರಿಗೂ ನಿಜ ಹೇಳಿರಲಾರ. ಒಪ್ಪದಿದ್ದರೆ ಮಂಡಳಿಗೆ ಸಿಟ್ಟು ಬರುತ್ತದೆ ಎಂದೂ ಹಲವು ಮಕ್ಕಳು ತಿಳಿದಿರುತ್ತಾರೆ. ಒಪ್ಪದಿರುವುದು ಸುಳ್ಳು ಹೇಳಿದಂತಲ್ಲ, ಸಾಕ್ಷಿ ತೋರಿಸಿ ಎಂದು ಕೇಳಿದಂತೆ.

ಭಾಷೆಯ ಕೆಲಸ ಈ ವಾರವೇ ಆಗಲಿ. ವಿಚಾರಣೆಯ ಭಾಷೆ ತಿಳಿಯದ ಮಗುವಿಗೆ ದುಭಾಷಿ ಒದಗಿಸುವುದು ಬಾಲನ್ಯಾಯ ಕಾಯ್ದೆಯ 8ನೇ ಕಲಮಿನ ಪ್ರಕಾರ ಮಂಡಳಿಯದೇ ಹೊಣೆ. ವಿಚಾರಣೆಯ ದಿನಕ್ಕೆ ಮೊದಲೇ ವಕೀಲರ ಮೂಲಕ ಅರ್ಜಿ ಕೊಡಿ. ನೀವಾಗಲಿ ಪೊಲೀಸರಾಗಲಿ ಅನುವಾದಕ್ಕೆ ನಿಲ್ಲುವುದು ಬೇಡ. ಮಾವನ ಎದುರು ‘ನಾನು ಕುಡಿದಿದ್ದೆ’ ಎಂದು ಹೇಳಲಾಗದೆ ಹುಡುಗ ಇನ್ನೇನೋ ಹೇಳಿಬಿಡುತ್ತಾನೆ. ಸಮನ್ಸ್ ಪ್ರಕರಣದ ಕ್ರಮದಲ್ಲಿ (ಸಣ್ಣ ಪ್ರಕರಣಗಳ ಸರಳ ವಿಚಾರಣಾ ಕ್ರಮ) ಒಪ್ಪಿಗೆಯನ್ನು ಆದಷ್ಟೂ ಆಡಿದವನ ಮಾತಿನಲ್ಲೇ ಬರೆದುಕೊಳ್ಳಬೇಕು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 275ನೇ ಕಲಮು). ಅವನು ಕನ್ನಡದಲ್ಲಿ ‘ಗೋಣಿ ಹಿಡಿದಿದ್ದೆ, ಕದ್ದದ್ದೆಂದು ಗೊತ್ತಿರಲಿಲ್ಲ’ ಎಂದಿದ್ದರೆ ಕಡತದಲ್ಲಿ ಅಷ್ಟೇ ಇರಬೇಕು, ‘ಕುಟ್ಟಂ ಸಮ್ಮದಿಚ್ಚು’ (ಅಪರಾಧ ಒಪ್ಪಿದ) ಎಂದಲ್ಲ. ಒಪ್ಪಿದ ಮಾತ್ರಕ್ಕೆ ಸ್ವೀಕರಿಸಲೇಬೇಕೆಂದೂ ಇಲ್ಲ, ಅದು ಮಂಡಳಿಯ ವಿವೇಚನೆ.

ವಕೀಲರಿಗೆ ದುಡ್ಡಿಲ್ಲವೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಎಲ್ಲ ತಿಳಿದ ಮೇಲೂ ‘ಹೌದು, ಗೊತ್ತಿದ್ದೇ ಮಾಡಿದೆ’ ಎಂದು ಅವನೇ ಹೇಳಿದರೆ ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ. ಬಾಲನ್ಯಾಯ ಕಾಯ್ದೆಯ 24ನೇ ಕಲಮು ಮುಂದೆ ಅನರ್ಹತೆ ಬಾರದಂತೆ ಅವನನ್ನು ಕಾಯುತ್ತದೆ. ಆದೇಶ ಸರಿಯಿಲ್ಲವೆನಿಸಿದರೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ ಇದೆ.

ಪ್ರಶ್ನೆ: ಠಾಣೆಯಲ್ಲಿ ಮಗನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿದ್ದಾರೆ. ಇನ್ನು ಒಪ್ಪದೆ ದಾರಿಯಿಲ್ಲವೇ? (ಮಂಜೇಶ್ವರ)

ಉತ್ತರ: ಇದೆ. ಪೊಲೀಸರ ಎದುರಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಮುಂದಿಡುವಂತಿಲ್ಲ. ಮಗುವಿನಿಂದ ಯಾವುದೇ ಹೇಳಿಕೆಗೆ ಸಹಿ ಹಾಕಿಸಬಾರದು, ಒಪ್ಪಿಕೋ ಎಂದು ಒತ್ತಾಯಿಸಬಾರದು ಎಂದು ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲೇ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾರಿದ್ದರು, ಕಾಗದ ಯಾವ ಭಾಷೆಯಲ್ಲಿತ್ತು, ಯಾರಾದರೂ ಓದಿ ಹೇಳಿದರೋ ಎಂಬುದನ್ನು ಮಗನ ನೆನಪು ಹಸಿಯಿರುವಾಗಲೇ ಬರೆದಿಟ್ಟು, ಮೊದಲ ಹಾಜರಿಯಲ್ಲೇ ವಕೀಲರ ಮೂಲಕ ಮಂಡಳಿಗೆ ತಿಳಿಸಿ.