ಪಾಸ್‌ಪೋರ್ಟ್ ಮಾವನವರ ಗಾಡ್ರೇಜಿನಲ್ಲಿ

ಈ ವಾರ ಒಂದು ಪತ್ರ ಓದುತ್ತಾ ಒಲೆ ಮೇಲಿಟ್ಟ ಹಾಲು ಮರೆತೆ. ಉಕ್ಕಿ ಕಟ್ಟೆ ತುಂಬಾ ಹರಿಯಿತು. ಆದರೂ ಪತ್ರ ಎರಡನೇ ಸಲ ಓದಿ ಮುಗಿಸಿಯೇ ಎದ್ದೆ. ಬರೆದವರು ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯ ಸೊಸೆ, ತವರು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಗುರುತಿಗೆ ಅಷ್ಟು ಸಾಕು.

ವಿಷಯ ಇದು. ಮದುವೆಯಾಗಿ ಒಂದೂವರೆ ವರ್ಷ. ಗಂಡ 11 ತಿಂಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾರೆ, ನವೆಂಬರಿನಲ್ಲಿ ರಜೆಗೆ ಬಂದು ಹೋದರು. ಇವರಿಗೆ ಈಗ 22 ವಾರ, ಆಗಸ್ಟ್ ಮಧ್ಯಕ್ಕೆ ದಿನ ಕೊಟ್ಟಿದ್ದಾರೆ. ವೀಸಾ ಬಂದಾಗಿದೆ. ಹೋಗಬೇಕೋ, ಹೆರಿಗೆ ಮುಗಿಸಿಕೊಂಡು ಹೋಗಬೇಕೋ? ಅಮ್ಮ, ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು, ಬಸುರಿ ನೀರು ದಾಟಬಾರದು ಅಂತಾರೆ. ಮಾವ, ಮಗುವಿಗೆ ಆರು ತಿಂಗಳಾಗಲಿ ಆಮೇಲೆ ನೋಡೋಣ ಅಂತಾರೆ. ನ್ಯೂಜೆರ್ಸಿಯಲ್ಲಿರುವ ಗಂಡನ ಚಿಕ್ಕಪ್ಪ ವಾರಕ್ಕೆರಡು ಸಲ ಫೋನ್ ಮಾಡಿ ಇವತ್ತೇ ಹೊರಡು ಅಂತಾರೆ. ಗಂಡ "ನಿನ್ನಿಷ್ಟ" ಅಂತಾರೆ. ಇವರಿಗೆ ಹೋಗುವ ಆಸೆ ಇದೆ, ಹೆದರಿಕೆಯೂ ಇದೆ.

ನಾಲ್ಕು ಪುಟದಲ್ಲಿ ಮೂರೂವರೆ ಪುಟ ಯಾರು ಏನಂದರು ಅನ್ನುವುದೇ. ಆದರೆ ಮೂರನೇ ಪುಟದ ಕೆಳಗೆ, ಬ್ರಾಕೆಟ್ಟಿನೊಳಗೆ, ಒಂದು ಸಾಲು: "ವೀಸಾ ಜೂನ್‌ವರೆಗೋ ಜುಲೈವರೆಗೋ ಇದೆ ಅನ್ಸತ್ತೆ, ಪಾಸ್‌ಪೋರ್ಟ್ ಮಾವನವರ ಗಾಡ್ರೇಜಿನಲ್ಲಿದೆ, ಬೂಷ್ಟು ಹಿಡಿಯುತ್ತೆ ಅಂತ ಅವರೇ ತೆಗೆದಿಟ್ಟಿದ್ದಾರೆ."

ತಂಗಿ, ಈಗಿನ್ನೂ ಏಪ್ರಿಲ್. ಬೂಷ್ಟು ಹಿಡಿಯುವುದಕ್ಕೆ ಇನ್ನೂ ಎರಡು ತಿಂಗಳಿದೆ.

ನಿಮ್ಮ ಮಾವ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಮನೆಯ ಯಜಮಾನರ ಗಾಡ್ರೇಜಿಗೆ ಸೇರದ ವಸ್ತು ಯಾವುದಿದೆ ಹೇಳಿ. ಪಹಣಿ, ಸೊಸೈಟಿ ಪಾಸ್‌ಬುಕ್ಕು, ಸೊಸೆಯ ಬಳೆ, ಮೊಮ್ಮಗನ ಜಾತಕ, ಎಲ್ಲ ಒಂದೇ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ನುಸಿಗುಳಿಗೆ ಜೊತೆ. ನನ್ನ ಮಾರ್ಕ್ಸ್‌ಕಾರ್ಡುಗಳೂ ದೊಡ್ಡಪ್ಪನ ಗಾಡ್ರೇಜಿನಲ್ಲೇ ಇದ್ದವು, ಸುರಕ್ಷಿತವಾಗಿ. ಶಿವಮೊಗ್ಗದಲ್ಲಿ ಸಂದರ್ಶನಕ್ಕೆ ಕರೆ ಬಂದ ದಿನ ದೊಡ್ಡಪ್ಪ ಧರ್ಮಸ್ಥಳಕ್ಕೆ ಹೋಗಿದ್ದರು. ಬೀಗದ ಕೈ ಅವರ ಜನಿವಾರದಲ್ಲಿತ್ತು. ಮಾರ್ಕ್ಸ್‌ಕಾರ್ಡ್ ಇಲ್ಲದೆ ಹೋದವಳನ್ನು ಬಾಗಿಲಲ್ಲೇ ವಾಪಸ್ ಕಳಿಸಿದರು. ದೊಡ್ಡಪ್ಪ ಪ್ರಸಾದ ತಂದುಕೊಟ್ಟು ಬೇಜಾರು ಮಾಡಿಕೊಂಡರು, ಪಾಪ. ಅವತ್ತಿನಿಂದ ನನಗೆ ಒಂದು ಹಠ, ಈ ಅಂಕಣ ಓದುವವರಿಗೆ ಕೇಳಿ ಕೇಳಿ ಸಾಕಾಗಿರಬಹುದು: ಹೆಣ್ಣುಮಕ್ಕಳ ಕಾಗದ ಪತ್ರ ಹೆಣ್ಣುಮಕ್ಕಳ ಕೈಯಲ್ಲೇ ಇರಬೇಕು.

ನಿಮ್ಮ ವಿಷಯದಲ್ಲಂತೂ ಎಲ್ಲ ಲೆಕ್ಕ ನಿಂತಿರುವುದೇ ಆ ಗಾಡ್ರೇಜಿನೊಳಗಿರುವ ಒಂದು ತಾರೀಖಿನ ಮೇಲೆ. ಗಂಡನ ಹತ್ತಿರ ಹೋಗಲು ಕೊಡುವ ಆ ವೀಸಾ ಕೆಲವೇ ತಿಂಗಳಿನದು. ಅದರೊಳಗೆ ಅಲ್ಲಿಗೆ ತಲುಪಬೇಕು, ಆಮೇಲೆ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಜೂನ್‌ಗೆ ಮುಗಿದು ಹೋದರೆ ಮತ್ತೆ ಮೊದಲಿನಿಂದ ಶುರು. ಮಗು ಇಲ್ಲಿ ಹುಟ್ಟಿದರೆ ಅದಕ್ಕೂ ಬೇರೆ ಪಾಸ್‌ಪೋರ್ಟು, ಬೇರೆ ವೀಸಾ, ಜನನ ಪ್ರಮಾಣಪತ್ರ ಬಂದ ಮೇಲೇ ಆ ಓಡಾಟ. ಮಾವನವರ "ಆರು ತಿಂಗಳು" ಒಂದು ವರ್ಷವಾದರೂ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಆ ಹುಡುಗ ಮಗುವನ್ನು ವಿಡಿಯೋ ಕಾಲ್‌ನಲ್ಲೇ ನೋಡಬೇಕು.

ಇನ್ನೊಂದು ಕಡೆ ವಿಮಾನದ ಲೆಕ್ಕ. ಸಾಮಾನ್ಯವಾಗಿ 28 ವಾರ ದಾಟಿದರೆ ವೈದ್ಯರ ಪತ್ರ ಕೇಳುತ್ತಾರೆ, 36 ವಾರ ದಾಟಿದರೆ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದೇ ಇಲ್ಲ. ಅವಳಿ ಆದರೆ ಇನ್ನೂ ಮೊದಲೇ ನಿಲ್ಲಿಸುತ್ತಾರೆ. ನಿಮಗೆ 28 ತುಂಬುವುದು ಮೇ ಕೊನೆಗೆ. ಅಂದರೆ ಆರಾಮಾಗಿ ಹೋಗಲು ಸಿಗುವುದು ಇನ್ನು ಆರು ವಾರ ಅಷ್ಟೇ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನದಲ್ಲಿ 9-10 ಗಂಟೆ. ಬಸುರಿಯರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ, ಹಾಗಾಗಿ ಓಡಾಡಲು ಅನುಕೂಲವಾಗುವ ದಾರಿ ಬದಿಯ ಸೀಟು ಕೇಳಿ. ಗಂಟೆಗೊಮ್ಮೆ ಎದ್ದು ನಡೆಯಿರಿ, ನೀರು ಕುಡಿಯುತ್ತಿರಿ, ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಳ್ಳಿ. ಇದೆಲ್ಲ ನಿಮ್ಮ ಡಾಕ್ಟರ್ ಒಪ್ಪಿದರೆ ಮಾತ್ರ. ಬಿಪಿ ಇದೆ, ರಕ್ತಸ್ರಾವ ಇದೆ, ಮಾಸು ಕೆಳಗಿದೆ, ಹೋಗಬೇಡ ಅಂದರೆ ಅಲ್ಲಿಗೆ ಮುಗಿಯಿತು. ನನ್ನ ಮಾತೂ ಬೇಡ, ಚಿಕ್ಕಪ್ಪನ ಮಾತೂ ಬೇಡ.

ಚಿಕ್ಕಪ್ಪ ಅಂದಾಗ ನೆನಪಾಯಿತು. ಈ ಪತ್ರದಲ್ಲಿ ನನಗೆ ನಿಜವಾಗಿ ಸಿಟ್ಟು ಬಂದಿದ್ದು ಅವರ ಮೇಲೆ. "ಅಲ್ಲಿ ಹೆತ್ತರೆ ಮಗುವಿಗೆ ಅಲ್ಲಿನ ಪಾಸ್‌ಪೋರ್ಟ್ ಸಿಗತ್ತೆ, ಪುಕ್ಕಟೆ ಅವಕಾಶ ಬಿಡಬೇಡ" ಅಂದರಂತೆ. ಅದು ಅಮೆರಿಕದ ಕಥೆ ಸ್ವಾಮಿ, ಅಲ್ಲೂ ಅದು 2025ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿತು. ಜರ್ಮನಿಯಲ್ಲಿ ನೆಲದ ಮೇಲೆ ಹುಟ್ಟಿದ ಮಾತ್ರಕ್ಕೆ ಪೌರತ್ವ ಇಲ್ಲ. 2024ರ ಜೂನ್‌ನಲ್ಲಿ ಕಾನೂನು ಸಡಿಲ ಮಾಡಿದ ಮೇಲೂ ಅಪ್ಪ ಅಮ್ಮನಲ್ಲಿ ಒಬ್ಬರು ಅಲ್ಲಿ 5 ವರ್ಷ ಕಾನೂನುಬದ್ಧವಾಗಿ ಇದ್ದು ಕಾಯಂ ವಾಸದ ಹಕ್ಕು ಪಡೆದಿರಬೇಕು. ನಿಮ್ಮ ಗಂಡ ಹೋಗಿ 11 ತಿಂಗಳು. ಮಗು ನಮ್ಮ ದೇಶದ್ದೇ ಆಗುತ್ತದೆ, ಅದಕ್ಕೂ ಹುಟ್ಟಿದ ಒಂದು ವರ್ಷದೊಳಗೆ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಾಯಿಸಬೇಕು. ಗೊತ್ತಿಲ್ಲದ ದೇಶದ ಬಗ್ಗೆ ಗೊತ್ತಿರುವ ದೇಶದ ಧೈರ್ಯದಲ್ಲಿ ಮಾತಾಡುವವರಿಂದ ಎಷ್ಟು ಮನೆಗಳಲ್ಲಿ ತಲೆ ಕೆಟ್ಟಿದೆಯೋ!

ಅಮ್ಮನ ವಿಷಯಕ್ಕೆ ಬರುತ್ತೇನೆ. ನೀರು ದಾಟಬಾರದು ಅನ್ನುವ ನಿಮ್ಮಮ್ಮ ನಿಮ್ಮನ್ನು ಹೆತ್ತದ್ದು ಸಾಗರದಲ್ಲಿ ಅಂತ ನೀವೇ ಬರೆದಿದ್ದೀರಿ. ತುಮರಿಯಿಂದ ಸಾಗರಕ್ಕೆ ಆಗ ಹೇಗೆ ಬಂದರು? ಹಿನ್ನೀರಿನ ಮೇಲೆ ಸೇತುವೆ ಆದದ್ದು 2025ರ ಜುಲೈನಲ್ಲಿ. ಅದಕ್ಕೂ ಮೊದಲು ತುಂಬಿದ ಬಸುರಿಯರು ಜೀಪು, ಬಸ್ಸುಗಳ ನಡುವೆ ಲಾಂಚ್‌ನಲ್ಲಿ ನಿಂತು, ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ದಾಟುತ್ತಿದ್ದರು. ರಾತ್ರಿ ನೋವು ಬಂದರೆ ದೇವರೇ ಗತಿ. ಇದನ್ನು ಅವರಿಗೆ ಜಗಳದ ಧಾಟಿಯಲ್ಲಿ ಹೇಳಬೇಡಿ, ಸುಮ್ನೆ ಆ ದಿನದ ಕಥೆ ಹೇಳಮ್ಮಾ ಅಂತ ಕೇಳಿ. ಅವರಿಗೆ ಹೆದರಿಕೆ ನೀರಿನದಲ್ಲ, ನಿಮಗೆ ಎಣ್ಣೆ ಹಚ್ಚಿ ಹಂಡೆ ನೀರು ಹೊಯ್ಯುವವರು ಯಾರು ಅನ್ನುವುದು. ಅದಕ್ಕೆ ದಾರಿ ಇದೆ: 90 ದಿನದ ಭೇಟಿ ವೀಸಾದಲ್ಲಿ ಅವರೇ ಬರಬಹುದು. ಅಮ್ಮನಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಶಿವಮೊಗ್ಗದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲಿ ಈಗಲೇ ಮಾಡಿಸಿ. (ಮಾಡಿಸಿ ಯಾರ ಗಾಡ್ರೇಜಿಗೂ ಕೊಡಬೇಡಿ.)

ಜರ್ಮನಿಯಲ್ಲಿ ಸೂಲಗಿತ್ತಿಯ ಪದ್ಧತಿ ಇನ್ನೂ ಜೀವಂತವಾಗಿದೆ ಅಂತ ಅಮ್ಮನಿಗೆ ಹೇಳಿ, ಖುಷಿಪಡುತ್ತಾರೆ. ಹೆರಿಗೆಯ ನಂತರ ಮನೆಗೇ ಬಂದು ತಾಯಿ ಮಗುವನ್ನು ನೋಡುತ್ತಾರೆ, ಸರ್ಕಾರಿ ಪದ್ಧತಿಯ ಆರೋಗ್ಯ ವಿಮೆ ಅದರ ದುಡ್ಡು ಕೊಡುತ್ತದೆ. ಆದರೆ ಸಿಗುವುದು ಕಷ್ಟ, ತಿಂಗಳುಗಟ್ಟಲೆ ಮೊದಲೇ ಗೊತ್ತು ಮಾಡಬೇಕು. ನಮ್ಮ ತಾಯಿ ಕಾರ್ಡಿನ ಹಾಗೇ ಅಲ್ಲೂ ಬಸುರಿಯರಿಗೆ ಒಂದು ಪುಟ್ಟ ಪುಸ್ತಕ ಕೊಡುತ್ತಾರೆ, ನಿಮ್ಮ ತಾಯಿ ಕಾರ್ಡು, ಸ್ಕ್ಯಾನು, ರಕ್ತದ ಗುಂಪು ನೋಡಿ ಅದರಲ್ಲಿ ಬರೆದುಕೊಳ್ಳುತ್ತಾರೆ. ಮಗುವಿನ ಜನನ ನೋಂದಣಿಗೆ ನಿಮ್ಮಿಬ್ಬರ ಜನನ ಪ್ರಮಾಣಪತ್ರವನ್ನೂ ಕೇಳುತ್ತಾರೆ. ನಿಮ್ಮದರಲ್ಲಿ ನಿಮ್ಮ ಹೆಸರಿದೆಯಾ ನೋಡಿ. ನಮ್ಮ ಕಡೆ ಎಷ್ಟೋ ಪತ್ರಗಳಲ್ಲಿ ಅಪ್ಪ ಅಮ್ಮನ ಹೆಸರಿರುತ್ತದೆ, ಹುಟ್ಟಿದವರ ಹೆಸರಿನ ಜಾಗ ಖಾಲಿ.

ಗಂಡನ "ನಿನ್ನಿಷ್ಟ" ನನಗೆ ಅಷ್ಟು ಇಷ್ಟವಾಗಲಿಲ್ಲ. ಕೇಳಲು ಚಂದ, ಆದರೆ ಕೆಲಸವೆಲ್ಲ ನಿಮ್ಮ ತಲೆಗೆ. ಸಂಪಾದನೆ ಇಲ್ಲದ ಹೆಂಡತಿಯನ್ನು ಆ ವಿಮೆಯಲ್ಲಿ ಹೆಚ್ಚು ಹಣ ಕೊಡದೆ ಸೇರಿಸಬಹುದು, ಅರ್ಜಿ ಅವರು ಹಾಕಬೇಕು. ಸೂಲಗಿತ್ತಿಗೆ, ಡಾಕ್ಟರಿಗೆ ಫೋನ್ ಮಾಡಬೇಕಾದವರೂ ಅವರೇ. ಮಾಡಿದ್ದಾರಾ? ಕೇಳಿ.

ಆದರೆ ಅದೆಲ್ಲ ನಾಳಿದ್ದು. ನಾಳೆ ಒಂದೇ ಕೆಲಸ. ಬೆಳಿಗ್ಗೆ ತಿಂಡಿ ಆದ ಮೇಲೆ, ಮಾವ ತೋಟಕ್ಕೆ ಹೊರಡುವ ಮುಂಚೆ, "ಮಾವಯ್ಯ, ಪಾಸ್‌ಪೋರ್ಟ್ ಕೊಡಿ, ನನ್ನ ಹತ್ತಿರ ಇಟ್ಕೊಳ್ತೀನಿ" ಅಂತ ಕೇಳಿ. ಕಾರಣ ಹೇಳಲು ಹೋಗಬೇಡಿ, ಕ್ಷಮೆಯೂ ಬೇಡ. ಅಂದಹಾಗೆ ಅತ್ತೆ ಏನಂದರು ಅಂತ ಇಡೀ ಪತ್ರದಲ್ಲಿ ಇಲ್ಲ. ಬೀಗದ ಕೈ ಎಲ್ಲಿದೆ ಅಂತ ಅವರಿಗೆ ಖಂಡಿತ ಗೊತ್ತಿರುತ್ತದೆ, ಮೊದಲು ಅವರ ಹತ್ತಿರ ಮಾತಾಡಿದರೂ ಆಯಿತು. ಕೈಗೆ ಬಂದ ಕೂಡಲೇ ವೀಸಾದ ಪುಟ ತೆಗೆದು ತಾರೀಖು ಓದಿ, ತಾಯಿ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಡಾಕ್ಟರಿಗೆ ಎರಡನ್ನೂ ಒಟ್ಟಿಗೆ ತೋರಿಸಿ.

ಬೂಷ್ಟಿನ ಭಯವಿದ್ದರೆ ಅಕ್ಕಿ ಡಬ್ಬಿಯಲ್ಲಿಡಿ.