ದಾದರ್‌ನಲ್ಲಿ ಒಂದನೇ ಪ್ಲಾಟ್‌ಫಾರ್ಮ್ ಯಾವುದು?

ಹುಬ್ಬಳ್ಳಿಯಿಂದ ಮುಂಬೈನ ದಾದರ್ ಸ್ಟೇಷನ್ನಿಗೆ ಬಂದು, ಲೋಕಲ್ ರೈಲಲ್ಲಿ ಬೊರಿವಲಿಗೆ ಹೋಗಬೇಕು, ಮಾವ ಹೇಳಿದ ಒಂದನೇ ಪ್ಲಾಟ್‌ಫಾರ್ಮ್ ಯಾವುದು ಅಂತ ಕೇಳಿದ್ದೀರಿ. ನಿಮ್ಮ ಮಾವ ಹೇಳಿದ್ದು ಹಳೇ ನಂಬರ್, ಗೊಂದಲ ಆಗಿದ್ದು ಅಲ್ಲೇ. ದಾದರ್‌ನಲ್ಲಿ ಸೆಂಟ್ರಲ್, ವೆಸ್ಟರ್ನ್ ಎರಡೂ ರೈಲ್ವೆ ಲೈನ್‌ಗಳಿವೆ. ಬ್ರಿಟಿಷರ ಕಾಲದಲ್ಲಿ ಇವು ಬೇರೆ ಬೇರೆ ಕಂಪನಿಗಳದ್ದು, ಹಾಗಾಗಿ ಎರಡು ಕಡೆಯೂ ಒಂದರಿಂದ ಎಣಿಕೆ ಇತ್ತು. 2023ರ ಡಿಸೆಂಬರ್‌ನಲ್ಲಿ ಅದನ್ನು ಬದಲಾಯಿಸಿದರು. ಈಗ ವೆಸ್ಟರ್ನ್ 1ರಿಂದ 7, ಸೆಂಟ್ರಲ್ 8ರಿಂದ 14. ಸೆಂಟ್ರಲ್‌ನ ಹಳೇ ಒಂದು ಈಗ ಎಂಟು.

ಹುಬ್ಬಳ್ಳಿಯಿಂದ ಚಾಲುಕ್ಯ ಎಕ್ಸ್‌ಪ್ರೆಸ್‌ನಲ್ಲಿ ಬಂದರೆ ನೀವು ಇಳಿಯೋದು ಸೆಂಟ್ರಲ್ ಕಡೆ. ಬೊರಿವಲಿಗೆ ಹೋಗೋದು ವೆಸ್ಟರ್ನ್ ಲೈನ್. ಮೆಟ್ಟಿಲು ಹತ್ತಿ ಮೇಲ್ಸೇತುವೆಗೆ ಬನ್ನಿ, ವೆಸ್ಟರ್ನ್ ಬೋರ್ಡ್ ಹಿಡಿದು ನಡೆಯಿರಿ. ಸ್ಟೇಷನ್ನಿಂದ ಹೊರಗೆ ಹೋಗಬೇಕಿಲ್ಲ. ಆದರೆ ನಿಮ್ಮ ಟಿಕೆಟ್ ದಾದರ್‌ವರೆಗೆ ಮಾತ್ರ ಅಲ್ವಾ? ಲೋಕಲ್‌ಗೆ ಬೇರೆ ಟಿಕೆಟ್ ತಗೊಂಡೇ ಹತ್ತಿ.

ಆಮೇಲೆ ಇಂಡಿಕೇಟರ್, ಅಂದರೆ ಗಾಡಿ ಬರೋದನ್ನು ತೋರಿಸುವ ಬೋರ್ಡ್ ನೋಡಿ. ಯಾವ ಪ್ಲಾಟ್‌ಫಾರ್ಮ್ ಅಂತ ಇಲ್ಲಿಂದಲೇ ಖಚಿತವಾಗಿ ಹೇಳಲಾಗದು. ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವ ಸ್ಲೋ, ಕೆಲವು ಕಡೆ ಮಾತ್ರ ನಿಲ್ಲುವ ಫಾಸ್ಟ್ ಬೇರೆ ಬೇರೆ ಪ್ಲಾಟ್‌ಫಾರ್ಮ್‌ಗೆ ಬರುತ್ತವೆ, ಕೆಲವೊಮ್ಮೆ ಕೊನೇ ಕ್ಷಣದಲ್ಲಿ ಬದಲೂ ಆಗುತ್ತೆ. ಬೊರಿವಲಿವರೆಗೆ ಹೋಗುವ ಗಾಡಿಯನ್ನೇ ಹಿಡಿಯಿರಿ. ಸಂಜೆ ಹೊತ್ತಲ್ಲಿ ಬೊರಿವಲಿ ದಾಟಿ ವಿರಾರ್‌ಗೆ ಹೋಗುವ ವಿರಾರ್ ಫಾಸ್ಟ್ ಮಾತ್ರ ಬೇಡ. ಬಾಗಿಲಲ್ಲೇ ಜನ ತುಂಬಿರುತ್ತಾರೆ, ಬೊರಿವಲಿಯಲ್ಲಿ ಇಳಿಯೋಕೆ ದಾರಿ ಸಿಗೋದು ಕಷ್ಟ. ಮಕ್ಕಳು, ದೊಡ್ಡ ಬ್ಯಾಗ್ ಇದ್ದರೆ ದಾದರ್‌ನಿಂದಲೇ ಹೊರಡುವ ಲೋಕಲ್‌ಗೆ ಕಾಯಿರಿ, ಖಾಲಿ ಬರುತ್ತೆ. ತುಂಬಿದ ಗಾಡಿ ಬಿಟ್ಟುಬಿಡಿ, ಸ್ವಲ್ಪ ಹೊತ್ತಿಗೇ ಇನ್ನೊಂದು ಬರುತ್ತೆ.