ಹೊಸ ಫುಟ್‌ಬಾಲ್ ತಂಡಕ್ಕೆ ಮೂರು ವರ್ಷದ ಟಿಕೆಟ್ ಒಟ್ಟಿಗೆ ತಗೊಳ್ಳಲಾ?

ಅಮೆರಿಕದಲ್ಲಿ ನೀವಿರುವ ಊರಿಗೆ ಹೊಸ ಅರೀನಾ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್‌ನ ಒಳಾಂಗಣ ರೂಪ) ತಂಡ ಬಂದಿದೆ. ಮೂರು ವರ್ಷದ ಟಿಕೆಟ್ ಒಟ್ಟಿಗೆ ತಗೊಂಡರೆ ರಿಯಾಯಿತಿ. ಎಂಟು ವರ್ಷದ ಮಗಳಿಗೆ ಆಟದ ಹುಚ್ಚು. ತಂಡ ಅಷ್ಟು ದಿನ ಉಳಿಯುತ್ತಾ ಅನ್ನೋದು ನಿಮ್ಮ ಅನುಮಾನ. ಇದನ್ನು ಓದುತ್ತಿದ್ದ ಹಾಗೇ 2008ರ ನಮ್ಮ ಮನೆ ಕಣ್ಣ ಮುಂದೆ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಆಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೆವು. ನಮ್ಮ ತಂಡ ಸ್ಯಾನ್ ಹೋಸೆ ಸೇಬರ್‌ಕ್ಯಾಟ್ಸ್. 1995ರಲ್ಲಿ ಶುರುವಾದ ತಂಡ. 2002ರಲ್ಲಿ ಅರೀನಾ ಫುಟ್‌ಬಾಲ್ ಲೀಗ್‌ನ ಫೈನಲ್ 'ಅರೀನಾ ಬೌಲ್' ನಮ್ಮೂರಲ್ಲೇ ನಡೆಯಿತು, ಅರಿಜೋನಾ ರ‍್ಯಾಟ್ಲರ್ಸ್ ಮೇಲೆ 52-14ರಿಂದ ಗೆದ್ದರು. 2004ರಲ್ಲಿ ಮತ್ತೆ ಅದೇ ರ‍್ಯಾಟ್ಲರ್ಸ್ ವಿರುದ್ಧ, ಈ ಸಲ ಅವರ ಊರಿಗೇ ಹೋಗಿ 69-62. ಆ ವರ್ಷವೇ ಆಫೀಸಿನ ಗೆಳೆಯನೊಬ್ಬ ಮೊದಲ ಸಲ ನನ್ನನ್ನು ಕರೆದುಕೊಂಡು ಹೋದ. ಅಲ್ಲಿಯವರೆಗೆ ಈ ಆಟದ ತಲೆಬುಡ ಗೊತ್ತಿರಲಿಲ್ಲ.

ಟಿವಿಯಲ್ಲಿ ಬರುವ ದೊಡ್ಡ ಫುಟ್‌ಬಾಲ್‌ಗೂ ಇದಕ್ಕೂ ಅಜಗಜಾಂತರ. ಮೈದಾನ 50 ಗಜ ಉದ್ದ ಅಷ್ಟೇ, ಐಸ್ ಹಾಕಿ ಅಂಕಣದಷ್ಟು. ಒಂದು ಕಡೆಗೆ ಎಂಟೇ ಜನ. ಗೋಲ್‌ಪೋಸ್ಟ್‌ನ ಎರಡೂ ಪಕ್ಕ ದೊಡ್ಡ ಬಲೆ. ಕಿಕ್ ತಪ್ಪಿ ಚೆಂಡು ಬಲೆಗೆ ಬಡಿದು ವಾಪಸ್ ಬಂದರೆ ಆಟ ನಿಲ್ಲುವುದಿಲ್ಲ, ಸಿಕ್ಕವರು ಹಿಡಿದು ಓಡಬಹುದು. ಸುತ್ತ ಸೊಂಟದೆತ್ತರಕ್ಕೆ ಫೋಮ್ ಹೊದಿಸಿದ ಗೋಡೆ. ಗೋಡೆಯ ಆಚೆಗೆ ನೀವು. ಚೆಂಡು ಪ್ರೇಕ್ಷಕರ ನಡುವೆ ಬಿದ್ದರೆ ಅದು ಹಿಡಿದವರದ್ದೇ, ಮನೆಗೆ ಒಯ್ಯಬಹುದು!

2008ರ ವಸಂತದಲ್ಲಿ ಮಗನನ್ನು ಮೊದಲ ಸಾಲಿಗೆ ಕರೆದುಕೊಂಡು ಹೋಗಿದ್ದೆ. ಅವನಿಗೆ ಒಂಬತ್ತು. ಮೂರನೇ ಕ್ವಾರ್ಟರ್‌ನಲ್ಲಿ ಒಬ್ಬ ಆಟಗಾರ ಚೆಂಡು ಹಿಡಿಯಲು ಹಾರಿ, ಗೋಡೆಗೆ ಧಡ್ ಅಂತ ಬಡಿದು, ಅರ್ಧ ದೇಹ ನಮ್ಮ ಕಡೆಗೆ ಬಿದ್ದ. ಅವನ ಹೆಲ್ಮೆಟ್ ನನ್ನ ಮೊಣಕಾಲಿಗೆ ತಾಗಿತ್ತು, ಬೆವರು ನನ್ನ ಜಾಕೆಟ್‌ಗೆ ಮೆತ್ತಿತ್ತು. ಏಳುವಾಗ ಟೇಪ್ ಸುತ್ತಿದ ಬೆರಳುಗಳಿಂದ ಮಗನ ತಲೆ ಸವರಿ ಹೋದ. ಅವತ್ತು ರಾತ್ರಿ ಮಗ ತಲೆ ತೊಳೆಸಿಕೊಳ್ಳಲು ಒಪ್ಪಲೇ ಇಲ್ಲ.

ಮರುದಿನದಿಂದ ಒಂದೇ ಹಟ, ಸೀಸನ್ ಟಿಕೆಟ್ ಬೇಕು. ನಾನು 'ಮುಂದಿನ ವರ್ಷ' ಅಂದೆ. ಜುಲೈನಲ್ಲಿ ನ್ಯೂ ಆರ್ಲಿಯನ್ಸ್‌ನ ಫೈನಲ್‌ನಲ್ಲಿ ನಮ್ಮವರು ಫಿಲಡೆಲ್ಫಿಯಾ ಸೋಲ್ ಎದುರು 59-56ರಿಂದ ಸೋತಾಗ ಸೋಫಾ ಮೇಲೆ ಮುಖ ಮುಚ್ಚಿಕೊಂಡು ಅತ್ತ. ಆಗಲೂ 'ಮುಂದಿನ ವರ್ಷ ಎಲ್ಲ ಪಂದ್ಯಕ್ಕೂ ಹೋಗೋಣ' ಅಂತ ಮಾತು ಕೊಟ್ಟೆ. ಡಿಸೆಂಬರ್‌ನಲ್ಲಿ ಲೀಗ್ 2009ರ ಸೀಸನ್ನೇ ರದ್ದು ಮಾಡಿತು. ಮರುವರ್ಷ ಲೀಗ್ ದಿವಾಳಿ.

ಇದು ಮುಳುಗುವ ಲೀಗ್ ಅಂತ ಯಾರಿಗೂ ಅನ್ನಿಸಿರಲಿಲ್ಲ. 2008ರಲ್ಲಿ 17 ತಂಡಗಳಿದ್ದವು. ಪಂದ್ಯಕ್ಕೆ ಸರಾಸರಿ 12 ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು. ಅಯೋವಾದ ತಂಡದಲ್ಲಿ ಆಡುತ್ತಿದ್ದ ಕರ್ಟ್ ವಾರ್ನರ್ ಆ ದೊಡ್ಡ ಫುಟ್‌ಬಾಲ್‌ನ ಲೀಗ್ ಎನ್‌ಎಫ್‌ಎಲ್‌ಗೆ ಹೋಗಿ ಅದರ ಫೈನಲ್ ಸೂಪರ್ ಬೌಲ್ ಗೆದ್ದಿದ್ದರು. ನಮ್ಮ ತಂಡದ ರಶೀದ್ ಡೇವಿಸ್ ಎನ್‌ಎಫ್‌ಎಲ್‌ನ ಚಿಕಾಗೊ ಬೇರ್ಸ್ ತಂಡ ಸೇರಿದ್ದರು. ಆದರೆ ಒಳಗೆ ಪೊಳ್ಳು. ಎನ್‌ಬಿಸಿ ವಾಹಿನಿ 2003ರಿಂದ 2006ರವರೆಗೆ ಪಂದ್ಯ ತೋರಿಸಿತಲ್ಲ, ಅದಕ್ಕೆ ಪ್ರಸಾರದ ಹಕ್ಕಿನ ಹಣ ಅಂತ ಮೊದಲೇ ಕೊಟ್ಟಿರಲಿಲ್ಲ. ಜಾಹೀರಾತಿನಲ್ಲಿ ಬಂದದ್ದರಲ್ಲಿ ಪಾಲು, ಅಷ್ಟೇ. ಖರ್ಚು ಮಾತ್ರ ದೊಡ್ಡ ಲೀಗ್‌ನ ಹಾಗೆ ಏರುತ್ತಿತ್ತು. ಅದರ ಮೇಲೆ 2008ರ ಆರ್ಥಿಕ ಕುಸಿತ.

ಲೀಗ್ 2010ರಲ್ಲಿ ಮತ್ತೆ ಎದ್ದಿತು, ಸೇಬರ್‌ಕ್ಯಾಟ್ಸ್ 2011ರಲ್ಲಿ ವಾಪಸ್ ಬಂದರು. ಅದೇ ಕೋಚ್ ಡ್ಯಾರೆನ್ ಆರ್ಬೆಟ್. ಚೆಂಡೆಸೆದು ಆಟ ನಡೆಸುವ ಅದೇ ಕ್ವಾರ್ಟರ್‌ಬ್ಯಾಕ್ ಮಾರ್ಕ್ ಗ್ರೀಬ್. ನಾನೂ ಮಗನೂ ಹೋಗತೊಡಗಿದೆವು. ಅವನಿಗೆ ಹನ್ನೆರಡು ಆಗಿತ್ತು, ಮೊದಲಿನ ಹಾಗೆ ಕೈ ಹಿಡಿದು ನಡೆಯುತ್ತಿರಲಿಲ್ಲ. ಆದರೂ ನಾವಿಬ್ಬರೇ ಕೂತು ಮಾತಾಡುತ್ತಿದ್ದ ಜಾಗ ಅಂದರೆ ಅದೊಂದೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳಬೇಕು.

2015. ನಮ್ಮ ತಂಡ 18ರಲ್ಲಿ 17 ಪಂದ್ಯ ಗೆದ್ದಿತ್ತು. ಫೈನಲ್ ಆಗಸ್ಟ್ 29, ಶನಿವಾರ, ಜ್ಯಾಕ್ಸನ್‌ವಿಲ್ ಶಾರ್ಕ್ಸ್ ವಿರುದ್ಧ. ನಡೆಯುವುದು ಸ್ಟಾಕ್‌ಟನ್‌ನಲ್ಲಿ, ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಹಿಂದಿನ ದಿನ ವರಮಹಾಲಕ್ಷ್ಮಿ ಹಬ್ಬ. ಶುಕ್ರವಾರ ಎಲ್ಲರಿಗೂ ಆಫೀಸ್, ಹಾಗಾಗಿ ಅರಿಶಿನ ಕುಂಕುಮಕ್ಕೆ ಶನಿವಾರ ಸಂಜೆ ಜನರನ್ನು ಕರೆದಿದ್ದೆವು. ಗುರುವಾರ ರಾತ್ರಿ ನಾನು ಮಂಟಪಕ್ಕೆ ಬಾಳೆಕಂದು ಕಟ್ಟುತ್ತಿದ್ದೆ. ಮಗ ದಾರದ ಉಂಡೆ ಹಿಡಿದು ನಿಂತಿದ್ದ. 'ಅಪ್ಪಾ, ಶನಿವಾರ ಹೋಗೋಣ್ವಾ?' ಅಂದ. ಹದಿನಾರು ವರ್ಷದ ಹುಡುಗ ತಾನಾಗಿ ಅಪ್ಪನನ್ನು ಕರೆಯುವುದು ಎಷ್ಟು ಸಲ ಹೇಳಿ? ನಾನು ಗಂಟು ಹಾಕುತ್ತಲೇ, ತಲೆ ಎತ್ತದೆ, 'ಮುಂದಿನ ವರ್ಷ ನಮ್ಮೂರಲ್ಲೇ ಫೈನಲ್ ನೋಡೋಣ ಬಿಡು' ಅಂದೆ. ಅವನು ದಾರ ಕೊಟ್ಟು ಒಳಗೆ ಹೋದ.

ಹಬ್ಬ ಕಾರಣವಲ್ಲ. ಹೆಂಡತಿಯನ್ನು ಕೇಳಿದ್ದರೆ 'ಹೋಗಿ ಬನ್ನಿ' ಅನ್ನುತ್ತಿದ್ದಳು. ಅವಳು ಆಮೇಲೆ ಹಾಗಂತ ಹೇಳಿದಳು ಕೂಡ. ನಾನು ಕೇಳಲೇ ಇಲ್ಲ. ದುಡ್ಡೂ ಕಾರಣವಲ್ಲ. ಇಷ್ಟು ಗೆಲ್ಲುವ ತಂಡವನ್ನು ಯಾರು ಮುಚ್ಚುತ್ತಾರೆ ಅಂತ ನಂಬಿದ್ದೆ, ಅದೇ ಕಾರಣ. ಸ್ಕೋರ್ ನೋಡಿ ತಂಡದ ಆಯಸ್ಸು ಲೆಕ್ಕ ಹಾಕಿದ್ದೆ. 2008ರಲ್ಲಿ ಫೈನಲ್‌ವರೆಗೆ ಹೋದ ತಂಡ ಐದೇ ತಿಂಗಳಲ್ಲಿ ಸೀಸನ್ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೆ. ಸ್ಯಾನ್ ಹೋಸೆ ತಂಡ ಫೈನಲ್ ಆಡಲು ಬೇರೆ ಊರಿಗೆ ಹೋಗುತ್ತಿದೆ ಅಂದರೆ ಏನರ್ಥ ಅಂತಲೂ ಯೋಚಿಸಬಹುದಿತ್ತು. ನಮ್ಮೂರ ಅರೀನಾ ಐಸ್ ಹಾಕಿ ತಂಡದ ಮನೆ. ಇವರು ಬೇಸಿಗೆಯಲ್ಲಿ ಬಂದು ಹೋಗುವ ಬಾಡಿಗೆಯವರು. ಎಲ್ಲವೂ ಎದುರಿಗೇ ಇತ್ತು. ಒಂದೇ ಮಾತನ್ನು ಅದೇ ಮಗನಿಗೆ ಏಳು ವರ್ಷದ ಅಂತರದಲ್ಲಿ ಎರಡನೇ ಸಲ ಹೇಳಿದೆ.

ಶನಿವಾರ ನಮ್ಮವರು 68-47ರಿಂದ ಗೆದ್ದರು. ನಾಲ್ಕನೇ ಟ್ರೋಫಿ. ನಾನು ಬಂದವರಿಗೆ ಕೋಸಂಬರಿ ಬಡಿಸುತ್ತಿದ್ದೆ, ಮಗ ಕೋಣೆಯಲ್ಲಿ ಒಬ್ಬನೇ ನೋಡಿದ. ನವೆಂಬರ್‌ನಲ್ಲಿ ತಂಡ ಮುಚ್ಚಿತು. ಚಾಂಪಿಯನ್ ತಂಡ, ಮೂರೇ ತಿಂಗಳಲ್ಲಿ! 2015ರಲ್ಲಿ 12 ತಂಡವಿದ್ದ ಲೀಗ್ 2016ಕ್ಕೆ ಎಂಟು, 2017ಕ್ಕೆ ಐದು, 2018ಕ್ಕೆ ನಾಲ್ಕಕ್ಕೆ ಇಳಿಯಿತು. 2019ರಲ್ಲಿ ಬಾಗಿಲು ಹಾಕಿತು. 2024ರಲ್ಲಿ ಅದೇ ಹೆಸರಲ್ಲಿ 16 ತಂಡ ಇಟ್ಟುಕೊಂಡು ಮತ್ತೆ ಶುರು ಮಾಡಿದರು, ಕೆಲವೇ ವಾರಗಳಲ್ಲಿ ತಂಡಗಳು ಒಂದೊಂದಾಗಿ ಉದುರಿದವು.

ಮಗ ಈಗ ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ. ಚೆನ್ನಾಗಿದ್ದೇವೆ, ಮಾತಾಡುತ್ತೇವೆ. ಆದರೆ ಆ ಶನಿವಾರದ ಮಾತು ಬಂದಾಗ ಅವನು ವಿಷಯ ಬದಲಿಸುತ್ತಾನೆ.

ಹಾಗಾಗಿ, ತಂಡ ಮೂರು ವರ್ಷ ಉಳಿಯುತ್ತಾ ಅಂತ ಕೇಳಬೇಡಿ. ಉಳಿಯುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೆ ಅದು ಹೋಗದಿರಲು ಕಾರಣವಲ್ಲ, ಈಗಲೇ ಹೋಗಲು ಕಾರಣ. ಮೂರು ವರ್ಷದ ದುಡ್ಡು ಮುಂಗಡ ಕೊಡಬೇಡಿ, ಎಷ್ಟೇ ರಿಯಾಯಿತಿ ಇರಲಿ. ಸುಮ್ನೆ ಈ ಒಂದು ಸೀಸನ್ನಿಗೆ ಎರಡು ಟಿಕೆಟ್ ತಗೊಳ್ಳಿ, ಅದೇ ದುಡ್ಡಲ್ಲಿ ಸಿಗುವ ಅತಿ ಒಳ್ಳೆಯ ಜಾಗ ಹುಡುಕಿ. ಮೇಲಿನ ಸಾಲು ಬೇಡ. ಗೋಲ್‌ಪೋಸ್ಟ್ ಹತ್ತಿರ, ಗೋಡೆಗೆ ತಾಗಿದ ಮೊದಲ ಸಾಲು ಸಿಗುತ್ತಾ ನೋಡಿ. ಚೆಂಡು ಜಾಸ್ತಿ ಬರುವುದು ಅಲ್ಲಿಗೇ. ಮಗಳನ್ನು ಗೋಡೆ ಪಕ್ಕದಲ್ಲೇ ಕೂರಿಸಿ, ಆದರೆ ಆಟಗಾರ ಓಡಿ ಬಂದಾಗ ಅವಳ ಭುಜದ ಮೇಲೆ ನಿಮ್ಮ ಕೈ ಇರಲಿ. ಧಡ್ ಅಂತ ಬೀಳುತ್ತಾರೆ.